ಹಿರಿಯರನ್ನು ಮಂಚದಿಂದ ಎಬ್ಬಿಸಿ

"ಇಷ್ಟು ವಯಸ್ಸಾಯಿತು, ಇನ್ನೇನು ಮಾಡುವುದಿದೆ? ಆರಾಮವಾಗಿ ಮಲಗಿರಲಿ." ಗದಗ-ಬೆಟಗೇರಿಯ ಮನೆಗಳಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದಷ್ಟು ಬೇರೆ ಯಾವ ಮಾತೂ ಬಿದ್ದಿಲ್ಲ. ಹೇಳುವವರು ಕಲ್ಲು ಮನಸ್ಸಿನವರಲ್ಲ. ಅಪ್ಪನ ಔಷಧಿಗೆ ಸಾಲ ಮಾಡಿದ ಮಕ್ಕಳು, ಅತ್ತೆಗೆ ತುತ್ತು ಮಾಡಿ ಉಣಿಸುವ ಸೊಸೆಯಂದಿರು. ಅವರ ಅಂತಃಕರಣದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ಮಂಚವೇ ಹಿರಿಯರ ಕಾಲಿನ ಶಕ್ತಿಯನ್ನು ಕಸಿದುಕೊಳ್ಳುತ್ತಿದೆ. ವೈದ್ಯಕೀಯ ಸಂಶೋಧನೆ ಇದನ್ನು ದಶಕಗಳಿಂದ ಹೇಳುತ್ತ ಬಂದಿದ್ದರೂ ನಮ್ಮ ಓಣಿಗಳಿಗೆ ಇನ್ನೂ ಬಂದು ಮುಟ್ಟಿಲ್ಲ. ಅದೇ ನನ್ನ ಸಂಕಟ. ಇದನ್ನು ಬರೆಯಲು ಕುಳಿತಿರುವುದೂ ಅದಕ್ಕಾಗಿಯೇ.

ನಾನು ಫಿಸಿಯೋಥೆರಪಿಸ್ಟ್. ಬೆಳಿಗ್ಗೆ ಕ್ಲಿನಿಕ್, ಮಧ್ಯಾಹ್ನದ ನಂತರ ಸ್ಕೂಟರ್ ಹತ್ತಿ ಮನೆ ಮನೆಗೆ ಹೋಗುವುದು. ಸೊಂಟದ ಎಲುಬು ಮುರಿದವರು, ಲಕ್ವ ಹೊಡೆದವರು, ಮೊಣಕಾಲು ಬದಲಿಸಿಕೊಂಡವರು ಇರುತ್ತಾರೆ. ಇವರ ಜೊತೆಗೆ ಇನ್ನೊಂದು ಗುಂಪೂ ಇದೆ: ಜ್ವರಕ್ಕೋ ಭೇದಿಗೋ ಎರಡು ವಾರ ಮಲಗಿ, ಕಾಯಿಲೆ ವಾಸಿಯಾದ ಮೇಲೂ ಏಳಲಾಗದವರು. ಎಲುಬು ಮುರಿದಿರುವುದಿಲ್ಲ, ನರಕ್ಕೆ ಏನೂ ಆಗಿರುವುದಿಲ್ಲ. ರಕ್ತ ಪರೀಕ್ಷೆಯಲ್ಲಿಯೂ ಎಲ್ಲ ಸರಿಯಾಗಿರುತ್ತದೆ. ಆದರೂ ಕಾಲು ಮಾತ್ರ ಮೈಭಾರ ಹೊರುವುದಿಲ್ಲ. ಮನೆಯವರು ವಯಸ್ಸನ್ನು ದೂರುತ್ತಾರೆ. ನಾನು ಆ ಎರಡು ವಾರಗಳನ್ನು ದೂರುತ್ತೇನೆ.

ಇದು ನನ್ನ ಊಹೆಯಲ್ಲ. 2007ರಲ್ಲಿ ಅಮೆರಿಕದ 'ಜಾಮಾ' ಪತ್ರಿಕೆಯಲ್ಲಿ ಒಂದು ಚಿಕ್ಕ ಅಧ್ಯಯನ ಪ್ರಕಟವಾಯಿತು. ಸರಾಸರಿ 67 ವರ್ಷದ ಹನ್ನೊಂದು ಮಂದಿ, ಎಲ್ಲರೂ ಆರೋಗ್ಯವಂತರು. ಅವರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಊಟಕ್ಕೆ ಕೊರತೆಯಿರಲಿಲ್ಲ, ಕಾಯಿಲೆಯೂ ಇರಲಿಲ್ಲ. ಹತ್ತು ದಿನ ಕಳೆದ ಮೇಲೆ ಅಳೆದರೆ ಎರಡು ಕಾಲುಗಳಿಂದ ಸುಮಾರು ಒಂದು ಕಿಲೊ ಮಾಂಸಖಂಡ ಕರಗಿತ್ತು, ಮೊಣಕಾಲು ಚಾಚುವ ಬಲ ಶೇಕಡಾ 15ರಷ್ಟು ಇಳಿದಿತ್ತು. ಗಟ್ಟಿಮುಟ್ಟಾದವರ ಸ್ಥಿತಿ ಇದು. ನಮ್ಮ ಅಜ್ಜಂದಿರು ಮಲಗುವುದು ಜ್ವರ ಬಂದಾಗ, ಊಟ ಸೇರದಿದ್ದಾಗ, ಎಲುಬು ಮುರಿದಾಗ. ಅವರಿಗೆ ಆಗುವ ನಷ್ಟ ಇದಕ್ಕಿಂತ ಕಡಿಮೆಯಿರಲು ಹೇಗೆ ಸಾಧ್ಯ?

ಇನ್ನೊಂದು ಅಧ್ಯಯನ ಇದಕ್ಕಿಂತ ಹಳೆಯದು. ಅದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 20ರ ಹರೆಯದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಅವರ ಹೃದಯ, ಶ್ವಾಸ, ದುಡಿಮೆಯ ಸಾಮರ್ಥ್ಯವನ್ನು ಅಳೆದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಆ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು, ಮೈ ಬಂದಿತ್ತು. ದೇಹದ ದುಡಿಮೆಯ ಸಾಮರ್ಥ್ಯವನ್ನು ಮೂವತ್ತು ವರ್ಷಗಳು ತಗ್ಗಿಸಿದ್ದಕ್ಕಿಂತ ಅಂದಿನ ಮೂರು ವಾರಗಳ ಮಂಚ ಹೆಚ್ಚು ತಗ್ಗಿಸಿತ್ತು! ವಯಸ್ಸಿನ ಮೇಲೆ ನಾವು ಹೊರಿಸುವ ಆರೋಪಗಳಲ್ಲಿ ಎಷ್ಟೊಂದು ನಿಜವಾಗಿ ಮಲಗುವಿಕೆಯ ಮೇಲೆ ಹೋಗಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಅಧ್ಯಯನವನ್ನು ನಾನು ಕಂಡಿಲ್ಲ.

ಮಲಗಿದಾಗ ಮೊದಲು ಕರಗುವುದು ನಮ್ಮನ್ನು ನಿಲ್ಲಿಸುವ ಸ್ನಾಯುಗಳೇ: ತೊಡೆಯ ಮುಂಭಾಗ, ಪೃಷ್ಠ, ಮೀನಖಂಡ. ರಕ್ತನಾಳಗಳಲ್ಲಿ ಓಡುವ ದ್ರವವೂ ಕಡಿಮೆಯಾಗುತ್ತದೆ. ಹೀಗಾಗಿ ಬಹಳ ದಿನ ಮಲಗಿದವರು ಎದ್ದು ಕುಳಿತ ಕೂಡಲೇ ರಕ್ತದೊತ್ತಡ ಕುಸಿದು ತಲೆ ಸುತ್ತುತ್ತದೆ. ಅನಾಹುತವಾಗುವುದು ಇಲ್ಲಿಯೇ. ತಲೆ ಸುತ್ತಿತೆಂದು ಮನೆಯವರು ಗಾಬರಿಯಾಗಿ ಮತ್ತೆ ಮಲಗಿಸುತ್ತಾರೆ. ಮಲಗಿದಷ್ಟೂ ತಲೆಸುತ್ತು ಹೆಚ್ಚುತ್ತದೆ, ತಲೆಸುತ್ತು ಹೆಚ್ಚಿದಷ್ಟೂ ಮಲಗಿಸುತ್ತಾರೆ. ಬೆನ್ನಿಗೆ ಹುಣ್ಣು, ಮಲಬದ್ಧತೆ, ಎದೆಯಲ್ಲಿ ಕಫ, ರಾತ್ರಿ ಹೊತ್ತು ತೊದಲು ಮಾತು ಇವೆಲ್ಲ ಆಮೇಲೆ ಸಾಲಾಗಿ ಬರುತ್ತವೆ.

ಬೆಟಗೇರಿಯ ನೇಕಾರ ಓಣಿಯ ಒಬ್ಬ ಅಜ್ಜನ ವಿಷಯ ಹೇಳುತ್ತೇನೆ. ಎಂಬತ್ತು ದಾಟಿದವರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಬಳಿ ಎಲುಬು ಮುರಿದಿತ್ತು. ಬೇರೆ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಸರಳು ಕೂರಿಸಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಆದರೆ ಬಿಡುಗಡೆಯ ಚೀಟಿಯಲ್ಲಿ ಅಚ್ಚಾಗಿದ್ದ ಸಾಲು 'ಸಂಪೂರ್ಣ ವಿಶ್ರಾಂತಿ' ಎಂದು ಹೇಳುತ್ತಿತ್ತು. ಮನೆಯವರು ಅದನ್ನು ಅಕ್ಷರಶಃ ಪಾಲಿಸಿದ್ದರು. ಪಡಸಾಲೆಯ ಒಂದು ಬದಿಗೆ ಮಗ್ಗ, ಇನ್ನೊಂದು ಬದಿಗೆ ಕಬ್ಬಿಣದ ಮಂಚ, ನಡುವೆ ಸೊಸೆ ಕಂಡಿಕೆ ಸುತ್ತುತ್ತ ಕುಳಿತಿರುತ್ತಿದ್ದರು. ನನ್ನನ್ನು ಕರೆಸಿದ್ದು ಒಂದು ತಿಂಗಳು ಕಳೆದ ಮೇಲೆ, ಅದೂ ಬೆನ್ನಿಗೆ ಹುಣ್ಣಾಗುವ ಲಕ್ಷಣ ಕಂಡಿತೆಂದು.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಫೋನ್ ಮಾಡಿದೆ. "ಮರುದಿನದಿಂದಲೇ ಕಾಲೂರಬಹುದಿತ್ತಲ್ಲ, ಇನ್ನೂ ನಡೆಸಿಲ್ಲವೇ?" ಎಂದು ಅವರೇ ಆಶ್ಚರ್ಯಪಟ್ಟರು. ಅವರು ಬಾಯಲ್ಲಿ ಹೇಳಿದ್ದು ಮನೆಗೆ ತಲುಪಿರಲಿಲ್ಲ, ಅಚ್ಚಿನ ಚೀಟಿ ತಲುಪಿತ್ತು. ಆ ಒಂದು ಸಾಲಿಗೆ ಅಜ್ಜ ಒಂದು ತಿಂಗಳ ಕಾಲಿನ ಬಲವನ್ನು ತೆತ್ತರು. ಈ ನೋವು ನನಗೆ ಇನ್ನೂ ಹೋಗಿಲ್ಲ.

ಸೊಂಟದ ಎಲುಬು ಮುರಿದವರ ವಿಷಯದಲ್ಲಿ ಜಗತ್ತು ಎಷ್ಟು ಮುಂದೆ ಹೋಗಿದೆಯೆಂದರೆ, 2020ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ 'ಹಿಪ್ ಅಟ್ಯಾಕ್' ಎಂಬ ಅಧ್ಯಯನದಲ್ಲಿ ಚರ್ಚೆ ನಡೆದದ್ದು ದಿನಗಳ ಬಗ್ಗೆಯಲ್ಲ, ಗಂಟೆಗಳ ಬಗ್ಗೆ. ಭಾರತವೂ ಸೇರಿ 17 ದೇಶಗಳ 2,970 ರೋಗಿಗಳು. ಒಂದು ಗುಂಪಿಗೆ ರೋಗ ಗುರುತಿಸಿದ ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸುಮಾರು ಇಪ್ಪತ್ತನಾಲ್ಕು ಗಂಟೆಗೆ. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ, ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಬೇಗ ಶಸ್ತ್ರಚಿಕಿತ್ಸೆಯಾದವರಿಗೆ ಬುದ್ಧಿ ಮಂಕಾಗಿ ಬಡಬಡಿಸುವುದು ಕಡಿಮೆಯಾಯಿತು, ಮೂತ್ರದ ಸೋಂಕು ಕಡಿಮೆಯಾಯಿತು, ಅವರು ಬೇಗ ಎದ್ದು ನಿಂತರು.

ಅಜ್ಜನ ಕಡೆಗೆ ಮತ್ತೆ ಬರೋಣ. ಮೊದಲ ದಿನ ಮಂಚದ ಅಂಚಿಗೆ ಕೂರಿಸಿ, ಪಾದಗಳನ್ನು ನೆಲಕ್ಕೆ ತಾಗಿಸಿ, ಹಿಮ್ಮಡಿ ಎತ್ತಿ ಇಳಿಸುವುದನ್ನು ಮಾತ್ರ ಮಾಡಿಸಿದೆ. ತಲೆ ಸುತ್ತಿತು. ಸೊಸೆ ಎದ್ದು ಬಂದು ತೋಳು ಹಿಡಿದರು. "ಮಲಗಿಸುವುದು ಬೇಡ ತಂಗಿ, ಒಂದಿಷ್ಟು ನೀರು ಕೊಡಿ, ಹೀಗೇ ಕೂತಿರಲಿ" ಎಂದೆ. ಸ್ವಲ್ಪ ಹೊತ್ತಿಗೆ ಸುತ್ತು ಇಳಿಯಿತು. ಅಜ್ಜ ಮೊದಲು ನೋಡಿದ್ದು ಮಗ್ಗದ ಕಡೆ. "ನೂಲು ಸಡಿಲಾಗಿದೆ" ಎಂದರು.

ಮುಂದಿನ ಕೆಲಸ ಕುರ್ಚಿಯಿಂದ ಏಳುವುದು. ಮನೆಯಲ್ಲಿದ್ದ ಕೈ ಇರುವ ಮರದ ಕುರ್ಚಿ ಅವರಿಗೆ ತಗ್ಗಾಗುತ್ತಿತ್ತು. ಎರಡು ಕೌದಿಗಳನ್ನು ಮಡಚಿ ಕುರ್ಚಿಯ ಮೇಲಿಟ್ಟು ಎತ್ತರ ಮಾಡಿದೆವು. ಎತ್ತರದಿಂದ ಏಳುವುದು ಸುಲಭ. ಎರಡು ಕೌದಿಯಿಂದ ಸಲೀಸಾಗಿ ಏಳತೊಡಗಿದ ಮೇಲೆ ಒಂದು ಮಡಿಕೆ ತೆಗೆದೆವು, ಆಮೇಲೆ ಇನ್ನೊಂದು. ಕೊನೆಗೆ ಬರಿ ಕುರ್ಚಿ. ಏಳುವಾಗ ಪಾದ ಹಿಂದಕ್ಕೆ ಎಳೆದುಕೊಳ್ಳಬೇಕು, ಮೂಗು ಕಾಲ್ಬೆರಳಿಗಿಂತ ಮುಂದೆ ಬರುವಷ್ಟು ಬಾಗಬೇಕು, ಆಮೇಲೆ ಎದ್ದು ನಿಲ್ಲಬೇಕು. ಕೂರುವಾಗ ಧೊಪ್ಪೆಂದು ಬೀಳದೆ ನಿಧಾನವಾಗಿ ಇಳಿಯಬೇಕು. ಬಲ ಬೆಳೆಯುವುದರಲ್ಲಿ ಅರ್ಧ ಪಾಲು ಈ ಇಳಿಯುವುದರಲ್ಲಿಯೇ ಇದೆ.

ಕಾಲಿಗೆ ಭಾರ ಕಟ್ಟಬೇಕಾಗಿ ಬಂದಾಗ ಸೊಸೆ ಸೀರೆಯ ಸೆರಗಿನ ಉಳಿಕೆ ತುಂಡಿನಲ್ಲಿ ಉದ್ದನೆಯ ಚೀಲ ಹೊಲಿದರು. ಅದರಲ್ಲಿ ಅರ್ಧ ಕಿಲೊ ಜೋಳ, ಎರಡೂ ತುದಿಗೆ ಲಾಡಿ. ಕಣಕಾಲಿಗೆ ಸುತ್ತಿ ಕಟ್ಟಿ, ಕುರ್ಚಿಯಲ್ಲಿ ಕುಳಿತು ಮೊಣಕಾಲು ನೇರ ಮಾಡುವುದು, ಒಂದು ಕ್ಷಣ ತಡೆದು ಇಳಿಸುವುದು. ಜೋಳ ಕಾಲಿನ ಆಕಾರಕ್ಕೆ ಒಗ್ಗುತ್ತದೆ, ಚುಚ್ಚುವುದಿಲ್ಲ. ಸಾಲದಾದಾಗ ಹೊಲಿಗೆ ಬಿಚ್ಚಿ ಇನ್ನಷ್ಟು ತುಂಬಬಹುದು. ಅಂಗಡಿಯಲ್ಲಿ ಸಿಗುವ ಭಾರದ ಪಟ್ಟಿಗಳಿಗಿಂತ ಇದೇ ನನಗೆ ಇಷ್ಟ. ಈಗ ಎಲ್ಲ ಮನೆಗಳಲ್ಲೂ ಇದನ್ನೇ ಹೊಲಿಸುತ್ತೇನೆ.

"ಈ ವಯಸ್ಸಿನಲ್ಲಿ ಭಾರ ಎತ್ತಿಸುತ್ತೀರಾ?" ಎಂದು ಮಗ ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ 1990ರಲ್ಲಿಯೇ ಸಿಕ್ಕಿದೆ. ಬಾಸ್ಟನ್ ನಗರದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಹಿರಿಯರ ಆರೈಕೆ ಕೇಂದ್ರವೊಂದರ ಹತ್ತು ಮಂದಿಯನ್ನು ಆರಿಸಿಕೊಂಡರು. ಸರಾಸರಿ ವಯಸ್ಸು 90. ಎಲ್ಲರೂ ಕೃಶರಾದವರು. ಎಂಟು ವಾರ ಅವರ ಕಾಲುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಕೈಕಾಲು ಅಲ್ಲಾಡಿಸುವ ಹಗುರ ವ್ಯಾಯಾಮವಲ್ಲ ಅದು, ಅವರು ಎತ್ತಬಲ್ಲ ಗರಿಷ್ಠ ಭಾರಕ್ಕೆ ಹತ್ತಿರವಾದ ಭಾರ. ಪೂರ್ತಿ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174 ಹೆಚ್ಚಿತು. ಇಬ್ಬರು ಕೋಲು ಬಿಟ್ಟು ನಡೆದರು. ತೊಂಬತ್ತರ ಸ್ನಾಯುವೂ ಕಲಿಯುತ್ತದೆ, ಬೆಳೆಯುತ್ತದೆ ಎಂದು ಅಂದೇ ಗೊತ್ತಾಯಿತು. ಅಂದು ಹುಟ್ಟಿದ ಮಕ್ಕಳು ಇಂದು ಮಕ್ಕಳ ತಂದೆತಾಯಿಯರಾಗಿದ್ದಾರೆ. ಆದರೂ ಗದಗದಲ್ಲಿ ನಾನು ಈ ಮಾತನ್ನು ಹೊಸ ಸುದ್ದಿಯೆಂಬಂತೆ ಹೇಳಬೇಕಾಗಿದೆ.

ಅದೇ ತಂಡ 1994ರಲ್ಲಿ ನೂರು ಮಂದಿಯ ಮೇಲೆ ದೊಡ್ಡ ಅಧ್ಯಯನ ಮಾಡಿತು. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಬಲ ಶೇಕಡಾ 113 ಏರಿತು, ನಡಿಗೆಯ ವೇಗವೂ ಹೆಚ್ಚಿತು. ವ್ಯಾಯಾಮವಿಲ್ಲದೆ ಪೇಯ ಮಾತ್ರ ಕುಡಿದವರಿಗೆ ಏನೂ ಆಗಲಿಲ್ಲ. ನಮ್ಮ ಔಷಧಿ ಅಂಗಡಿಗಳ ಕಪಾಟಿನಲ್ಲಿ ಸಾಲಾಗಿ ಕುಳಿತಿರುವ ಪ್ರೋಟೀನ್ ಪುಡಿಯ ಡಬ್ಬಿಗಳನ್ನು ನೋಡಿದಾಗಲೆಲ್ಲ ನನಗೆ ಈ ಫಲಿತಾಂಶ ನೆನಪಾಗುತ್ತದೆ. ಮಂಚದ ಮೇಲೆ ಮಲಗಿದವರ ಬಾಯಿಗೆ ಆ ಪುಡಿಯನ್ನು ಕಲಸಿ ಹಾಕುವ ಮನೆಗಳು ಎಷ್ಟಿವೆಯೋ. ಆ ದುಡ್ಡಿನಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸಬಹುದು.

ಹಾಗೆಂದು ಊಟ ಮುಖ್ಯವಲ್ಲ ಎಂದೇನೂ ಅಲ್ಲ. ವಯಸ್ಸಾದವರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೊಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು 2013ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಶಿಫಾರಸು ಮಾಡಿತು. ಅಂದರೆ ಐವತ್ತು ಕಿಲೊ ತೂಕದ ಅಜ್ಜಿಗೆ 50ರಿಂದ 60 ಗ್ರಾಂ. ನಮ್ಮ ಭಾಗದ ಊಟದಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ: ಶೇಂಗಾ ಚಟ್ನಿ, ಹೆಸರುಕಾಳು, ಮಡಿಕೆಕಾಳು, ಜುಣಕ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ. ಸಮಸ್ಯೆ ಹಲ್ಲಿನದು. ಹಲ್ಲು ಹೋದ ಕೂಡಲೇ ಕಾಳು ಪಲ್ಯ ತಟ್ಟೆಯಿಂದ ಮಾಯವಾಗುತ್ತದೆ, ಹಾಲಿನಲ್ಲಿ ನೆನೆಸಿದ ರೊಟ್ಟಿ, ತಿಳಿಸಾರು ಅನ್ನ ಉಳಿಯುತ್ತವೆ. ಕಾಳನ್ನು ಬೇಯಿಸಿ ಅರೆದು ಕೊಡಿ, ಶೇಂಗಾ ಪುಡಿಯನ್ನು ಮೊಸರಿನಲ್ಲಿ ಕಲಸಿ ಕೊಡಿ. ಹಲ್ಲಿನ ಸೆಟ್ ಕಟ್ಟಿಸಲು ಆಗುವುದಾದರೆ ಅದನ್ನು ಮೊದಲು ಮಾಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಬೀಳುವ ಭಯದ ವಿಷಯಕ್ಕೆ ಬರುತ್ತೇನೆ. ಮನೆಯವರು ಮಲಗಿಸಿಡಲು ಹೇಳುವ ಎರಡನೇ ಕಾರಣ ಇದು: "ನಡೆದಾಡಿದರೆ ಬಿದ್ದುಬಿಡುತ್ತಾರೆ." 1988ರಲ್ಲಿ ಮೇರಿ ಟಿನೆಟ್ಟಿ ಎಂಬ ಅಮೆರಿಕದ ವೈದ್ಯೆ 75 ದಾಟಿದ 336 ಮಂದಿಯನ್ನು ಒಂದು ವರ್ಷ ಗಮನಿಸಿದಾಗ ಮೂವರಲ್ಲಿ ಒಬ್ಬರು ಬಿದ್ದಿದ್ದರು. ಬೀಳುವುದು ವಿಧಿಯಲ್ಲ, ಅದಕ್ಕೆ ಎಣಿಸಬಹುದಾದ ಕಾರಣಗಳಿವೆ, ಕಾರಣಗಳು ಹೆಚ್ಚಿದಷ್ಟೂ ಬೀಳುವ ಸಂಭವ ಹೆಚ್ಚುತ್ತದೆ ಎಂದು ಆ ಕೆಲಸದಿಂದ ಗೊತ್ತಾಯಿತು. ಕಾಲಿನ ನಿಶ್ಶಕ್ತಿ ಅವುಗಳಲ್ಲಿ ದೊಡ್ಡದು. ಹಾಗಾಗಿ ಬೀಳಬಾರದೆಂದು ಮಲಗಿಸುವುದು ಬೀಳುವ ಸಂಭವವನ್ನೇ ಬೆಳೆಸುತ್ತದೆ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1997ರಲ್ಲಿ ಮಾಡಿದ ಕೆಲಸ ನನ್ನ ವೃತ್ತಿಗೆ ಆಧಾರ. 80 ದಾಟಿದ 233 ಮಹಿಳೆಯರು. ಅರ್ಧದಷ್ಟು ಮಂದಿಯ ಮನೆಗೆ ಫಿಸಿಯೋಥೆರಪಿಸ್ಟ್ ಹೋಗಿ, ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ ಭೇಟಿ ಕೊಟ್ಟು, ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಕಲಿಸಿಬಂದರು. ಒಂದು ವರ್ಷದಲ್ಲಿ ವ್ಯಾಯಾಮದ ಗುಂಪಿನವರು ಒಟ್ಟು 88 ಸಲ ಬಿದ್ದರು, ಉಳಿದವರು 152 ಸಲ. ಯಂತ್ರವಿಲ್ಲ, ಔಷಧಿಯಿಲ್ಲ, ಆಸ್ಪತ್ರೆಯಿಲ್ಲ. ಕಣಕಾಲಿಗೆ ಭಾರ, ಹಿಡಿದುಕೊಳ್ಳಲು ಅಡುಗೆಮನೆಯ ಕಟ್ಟೆ, ಕಲಿಸಲು ಒಬ್ಬರು. ಇದನ್ನು ನಾವು ರೋಣ, ಮುಂಡರಗಿ, ಶಿರಹಟ್ಟಿ ಕಡೆಯ ಯಾವ ಹಳ್ಳಿಯಲ್ಲಿಯಾದರೂ ಮಾಡಬಹುದು. 2019ರ ಹೊತ್ತಿಗೆ ಜಗತ್ತಿನ 108 ಪ್ರಯೋಗಗಳನ್ನು, ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆಯೂ ವ್ಯಾಯಾಮದಿಂದ ಬೀಳುವುದು ಶೇಕಡಾ 23ರಷ್ಟು ತಗ್ಗುತ್ತದೆ ಎಂದೇ ಹೇಳಿತು.

ಬೀಳುವುದಕ್ಕೆ ಇನ್ನೆರಡು ಕಾರಣಗಳನ್ನು ಹೇಳದೆ ಮುಂದೆ ಹೋಗಲಾರೆ. ಒಂದು ನಿದ್ರೆ ಮಾತ್ರೆ. ಅದೇ ನ್ಯೂಜಿಲೆಂಡಿನ ತಂಡ 1999ರಲ್ಲಿ ನಿದ್ರೆ ಮತ್ತು ಮನಸ್ಸಿನ ಮಾತ್ರೆಗಳನ್ನು ವೈದ್ಯರ ಕಣ್ಗಾವಲಿನಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸಿದಾಗ ಬೀಳುವ ಸಂಭವ ಮೂರನೇ ಒಂದಕ್ಕೆ ಇಳಿಯಿತು. ಇದನ್ನು ಓದಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಹಠಾತ್ತನೆ ಬಿಟ್ಟರೆ ಅಪಾಯ. ಮಾತ್ರೆಗಳ ಚೀಟಿಯನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದೆ ಸುರಿದು "ಇದರಲ್ಲಿ ಯಾವುದು ಇನ್ನೂ ಬೇಕು?" ಎಂದು ಕೇಳಿ. ಇನ್ನೊಂದು ಕಾರಣ ಕಣ್ಣಿನ ಪೊರೆ. 2005ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ 306 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಮೊದಲ ಕಣ್ಣಿನ ಪೊರೆಯನ್ನು ಕಾಯಿಸದೆ ಬೇಗ ತೆಗೆಸಿದವರು ಬೀಳುವುದು ಶೇಕಡಾ 34 ಕಡಿಮೆಯಾಯಿತು. "ಪೊರೆ ಇನ್ನೂ ಬಲಿಯಲಿ" ಎಂದು ಕಾಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ಬಲಿಯುವವರೆಗೆ ಕಾಯುವ ಕಾಲ ಎಂದೋ ಮುಗಿದಿದೆ.

ನೆಲದಿಂದ ಏಳುವುದರ ಬಗ್ಗೆ ನನಗೆ ವಿಶೇಷ ಆಸೆಯಿದೆ. ಬ್ರೆಜಿಲ್ ದೇಶದಲ್ಲಿ 51ರಿಂದ 80 ವರ್ಷದ 2,002 ಮಂದಿಗೆ ನೆಲದ ಮೇಲೆ ಕೂತು ಏಳಲು ಹೇಳಿ ಹತ್ತಕ್ಕೆ ಅಂಕ ಕೊಟ್ಟರು. ಕೈ ಊರಿದರೆ ಒಂದು ಅಂಕ ಕಡಿತ, ಮೊಣಕಾಲು ಊರಿದರೆ ಇನ್ನೊಂದು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು: ಅಂಕ ಕಡಿಮೆ ಇದ್ದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಿತ್ತು. ನೆಲದಿಂದ ಎದ್ದರೆ ಆಯುಷ್ಯ ಬೆಳೆಯುತ್ತದೆಂದು ಇದರ ಅರ್ಥವಲ್ಲ. ಬಲ, ಸಮತೋಲನ, ಕೀಲುಗಳ ಮಣಿತ ಎಲ್ಲವೂ ಸರಿಯಿದ್ದವರು ಮಾತ್ರ ಸಲೀಸಾಗಿ ಏಳಬಲ್ಲರು, ಆದ್ದರಿಂದ ಆ ಅಂಕ ದೇಹದ ಸ್ಥಿತಿಯನ್ನು ಹೇಳುತ್ತದೆ, ಅಷ್ಟೇ.

ಬ್ರೆಜಿಲ್‌ನಲ್ಲಿ ಇದು ಪರೀಕ್ಷೆ. ನಮ್ಮಲ್ಲಿ ಇದು ಬದುಕು. ಬ್ಯಾಡಗಿಯ ನನ್ನ ಸೋದರತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ನೆಲದ ಮೇಲೆಯೇ ದಿನ ಕಳೆದವರು. ಎಂಬತ್ತರ ಹತ್ತಿರದಲ್ಲಿಯೂ ಒಂದು ಕೈಯನ್ನು ಮೊಣಕಾಲಿನ ಮೇಲಿಟ್ಟು, ಇನ್ನೊಂದರಲ್ಲಿ ಮೊರ ಹಿಡಿದು, ಒಂದೇ ಉಸಿರಿಗೆ ಎದ್ದು ನಿಲ್ಲುತ್ತಿದ್ದರು. ಹೊಸ ಮನೆ ಕಟ್ಟಿಸಿದ ಮಗ ಊಟಕ್ಕೆ ಟೇಬಲ್, ಕೂರಲು ಸೋಫಾ ತಂದರು. ಅತ್ತೆ ನೆಲಕ್ಕೆ ಇಳಿಯುವುದು ನಿಂತಿತು. ಈಗ ದೇವರ ಮುಂದೆ ಕೂತರೆ ಇಬ್ಬರು ಎಬ್ಬಿಸಬೇಕು. ಮೊಣಕಾಲು ಸವೆದವರಿಗೆ, ಸೊಂಟದ ಕೀಲು ಬದಲಿಸಿಕೊಂಡವರಿಗೆ ನೆಲ ಬೇಡ, ಅವರಿಗೆ ಎತ್ತರದ ಕುರ್ಚಿಯೇ ಸರಿ. ಆದರೆ ಆಗುವವರು ಅದನ್ನು ಬಿಡಬಾರದು. ದಿನಕ್ಕೆ ಒಂದು ಊಟವನ್ನಾದರೂ ಚಾಪೆಯ ಮೇಲೆ ಮಾಡಿ ಎಂದು ನಾನು ಹೇಳುತ್ತೇನೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಗಟ್ಟಿ ಸ್ಟೂಲ್ ಇರಲಿ.

ನಿಮ್ಮ ಮನೆಯ ಹಿರಿಯರ ಕಾಲು ಎಷ್ಟು ಗಟ್ಟಿಯಿದೆಯೆಂದು ತಿಳಿಯಲು ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಒಪ್ಪಿಕೊಂಡ ಅಳತೆಯಂತೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುಗಳ ಕಡೆ ಗಮನ ಕೊಡಬೇಕು. ಕುರ್ಚಿ ಗೋಡೆಗೆ ತಾಗಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ.

ನಾನು ಇಲ್ಲಿಯವರೆಗೆ ಹೇಳಿದ ಅಧ್ಯಯನಗಳಲ್ಲಿ ಬಾಸ್ಟನ್ ಇದೆ, ಡಲ್ಲಾಸ್ ಇದೆ, ನ್ಯೂಜಿಲೆಂಡ್ ಇದೆ. ಬೆಟಗೇರಿ ಎಲ್ಲಿ? ಎಷ್ಟೋ ಔಷಧಿ ಪ್ರಯೋಗಗಳಲ್ಲಿ ವಯಸ್ಸಾದವರನ್ನು ಸೇರಿಸಿಕೊಳ್ಳುವುದೇ ಇಲ್ಲ, ಅವರಿಗೆ ಬೇರೆ ಕಾಯಿಲೆಗಳೂ ಇರುತ್ತವೆ, ಲೆಕ್ಕ ಕೆಡುತ್ತದೆ ಎಂದು. ಸೇರಿಸಿಕೊಂಡರೆ ಎಷ್ಟು ದೊಡ್ಡ ಸತ್ಯ ಹೊರಬೀಳುತ್ತದೆ ಎಂಬುದಕ್ಕೆ 2008ರ 'ಹೈವೆಟ್' ಪ್ರಯೋಗ ಸಾಕ್ಷಿ. ಎಂಬತ್ತು ದಾಟಿದವರ ಬಿಪಿ ಇಳಿಸುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಅಲ್ಲಿಯವರೆಗೆ ವೈದ್ಯರಿಗೇ ಅನುಮಾನವಿತ್ತು. 3,845 ಮಂದಿ ಎಂಬತ್ತು ದಾಟಿದವರಲ್ಲಿ ಮಾತ್ರೆ ಕೊಟ್ಟು ನೋಡಿದಾಗ ಸಾವು ಶೇಕಡಾ 21ರಷ್ಟು ತಗ್ಗಿತು, ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. "ಮುದುಕರಿಗೆ ಬಿಪಿ ಸ್ವಲ್ಪ ಜಾಸ್ತಿಯೇ ಇರಲಿ" ಎಂಬ ಮಾತು ನಮ್ಮ ಕಡೆ ಇನ್ನೂ ಚಲಾವಣೆಯಲ್ಲಿದೆ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಭಾರತದ ಹಿರಿಯರ ದೀರ್ಘಕಾಲೀನ ಅಧ್ಯಯನ, 'ಲಾಸಿ' ಎಂದು ಕರೆಯುತ್ತಾರೆ, 45 ದಾಟಿದ 72,000ಕ್ಕೂ ಹೆಚ್ಚು ಮಂದಿಯನ್ನು ಮನೆಗೇ ಹೋಗಿ ಮಾತನಾಡಿಸಿತು, ಕೈಹಿಡಿತದ ಬಲ, ನಡಿಗೆಯ ವೇಗ, ಸಮತೋಲನವನ್ನೂ ಅಳೆಯಿತು. ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದರ ಮುಂದಾಳು, ಮೊದಲ ವರದಿ 2021ರ ಜನವರಿಯಲ್ಲಿ ಬಂತು. ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಹತ್ತು ಸಾವಿರ ಮಂದಿಯ ಗುರಿಯಿಟ್ಟುಕೊಂಡು ವೃದ್ಧಾಪ್ಯದ ಮಿದುಳನ್ನು ವರ್ಷದಿಂದ ವರ್ಷಕ್ಕೆ ಗಮನಿಸುತ್ತಿದೆ. ರಾಗಿ ಉಣ್ಣುವ, ಹೊಲದಲ್ಲಿ ದುಡಿದ ಕನ್ನಡದ ಹಿರಿಯರು ಜಗತ್ತಿನ ವಿಜ್ಞಾನದೊಳಗೆ ಬರುತ್ತಿದ್ದಾರೆ ಎಂಬುದು ನನಗೆ ತುಂಬ ಸಂತೋಷದ ವಿಷಯ. ಅಂಥದ್ದೇ ಒಂದು ಕೆಲಸ ನಮ್ಮ ಭಾಗದಲ್ಲಿಯೂ ಆಗಬೇಕು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಅರವತ್ತು ವರ್ಷ ನೇಯ್ದವರ ಮೊಣಕಾಲು ಹೇಗಿದೆ? ಎತ್ತರದ ಹೊಸ್ತಿಲು ದಾಟುವ ಮನೆಗಳಲ್ಲಿ ಬೀಳುವುದು ಹೆಚ್ಚೋ, ಅಥವಾ ದಿನವೂ ಕಾಲೆತ್ತಿ ದಾಟುವುದರಿಂದ ಬಲ ಉಳಿಯುತ್ತದೋ? ನೆಲದ ಶೌಚಾಲಯ ಬಿಟ್ಟು ಕಮೋಡ್‌ಗೆ ಬದಲಾದವರ ತೊಡೆಗೆ ಏನಾಗುತ್ತದೆ? ಈ ಪ್ರಶ್ನೆಗಳನ್ನು ಬಾಸ್ಟನ್‌ನವರು ಕೇಳುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಕೇಳಬೇಕು.

ಆ ನೇಕಾರ ಅಜ್ಜ ಈಗ ಕೋಲು ಹಿಡಿದು ಓಣಿಯ ಕಟ್ಟೆಯವರೆಗೆ ಹೋಗಿಬರುತ್ತಾರೆ. ಮಗ್ಗಕ್ಕೆ ಇಳಿಯಲು ನಾನಿನ್ನೂ ಒಪ್ಪಿಗೆ ಕೊಟ್ಟಿಲ್ಲ, ಅದಕ್ಕೆ ಅವರಿಗೆ ನನ್ನ ಮೇಲೆ ಸಿಟ್ಟಿದೆ. ಸೊಸೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಂಡಿಕೆ ಸುತ್ತುತ್ತಾರೆ, ಕಾಲಿಗೆ ಜೋಳದ ಚೀಲ ಕಟ್ಟಿಕೊಂಡೇ.

ಇದನ್ನು ಓದುತ್ತಿರುವವರಲ್ಲಿ ಯಾರದಾದರೂ ಮನೆಯ ಹಿರಿಯರು ಈಗ ಆಸ್ಪತ್ರೆಯಲ್ಲಿದ್ದರೆ, ಬಿಡುಗಡೆಯ ದಿನ ವೈದ್ಯರನ್ನು ಇಷ್ಟನ್ನು ಕೇಳಿ: ಯಾವ ದಿನದಿಂದ ಕೂರಿಸಬಹುದು, ಯಾವ ದಿನದಿಂದ ನಿಲ್ಲಿಸಬಹುದು? ಶಸ್ತ್ರಚಿಕಿತ್ಸೆಯಾದ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದೋ, ಅರ್ಧವೋ, ಹಾಕಲೇಬಾರದೋ? ಯಾವ ಭಂಗಿಯಲ್ಲಿ ಕೂರಬಾರದು? ಯಾವ ಲಕ್ಷಣ ಕಂಡರೆ ವ್ಯಾಯಾಮ ನಿಲ್ಲಿಸಿ ಫೋನ್ ಮಾಡಬೇಕು? ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು, ಹೊಸದಾಗಿ ಉಸಿರುಕಟ್ಟುವುದು ಇವು ಕಾಯುವ ಲಕ್ಷಣಗಳಲ್ಲ, ಅವುಗಳ ಬಗ್ಗೆ ತಪ್ಪದೆ ಕೇಳಿ. ಉತ್ತರಗಳನ್ನು ಅಚ್ಚಾದ ಸಾಲಿನ ಕೆಳಗೆ ವೈದ್ಯರ ಕೈಯಿಂದಲೇ, ಕನ್ನಡದಲ್ಲಿ ಬರೆಸಿಕೊಳ್ಳಿ, ಕೆಳಗೆ ಅವರ ಫೋನ್ ನಂಬರನ್ನೂ.